ಬಳ್ಳಾರಿ ಕೋಟೆಯ ಸ್ಕ್ರೀನ್‌ಶಾಟಿಗೆ ಗಿಂಪ್: ಮೂರು ವರ್ಷ ಬಳಸಿದ ಮೇಲೆ

ನಾನು, ನನ್ನ ತಮ್ಮ ಸೇರಿ ಚೌಕ ಕಲ್ಲು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟದಲ್ಲಿ ಬಳ್ಳಾರಿ ಕೋಟೆ ಕಟ್ಟುತ್ತಿದ್ದೇವೆ. ಮೊದಲು ಗುಡ್ಡ ಎಬ್ಬಿಸಿದೆವು. ಆಮೇಲೆ ಪಾಳೆಯಗಾರ ಹನುಮಪ್ಪ ನಾಯಕನ ಮೇಲ್ಕೋಟೆ. ಹೈದರಾಲಿ ಕಟ್ಟಿಸಿದ ಕೆಳಕೋಟೆ ಈಗ ಅರ್ಧಕ್ಕೆ ಬಂದಿದೆ. ಒಂದೊಂದು ಭಾಗ ಮುಗಿದಾಗಲೂ ಸ್ಕ್ರೀನ್‌ಶಾಟ್ ತೆಗೆದು, ಮೇಲೆ ಕನ್ನಡದಲ್ಲಿ ಹೆಸರು ಬರೆದು ನೆಂಟರಿಗೆ, ಗೆಳೆಯರಿಗೆ ಕಳಿಸುತ್ತೇವೆ. ಇದಕ್ಕೊಂದು ಎಡಿಟಿಂಗ್ ಸಾಫ್ಟ್‌ವೇರ್ ಬೇಕಾಗಿತ್ತು. ನಾನು ಜೀನ್ಸ್ ಘಟಕವೊಂದರಲ್ಲಿ ಲೆಕ್ಕ ಬರೆಯುವವನು. ಫೋಟೊಶಾಪ್‌ಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ನಮಗೆ ಆಗದ ಮಾತು. ಕದ್ದ ಕಾಪಿ ಹಾಕಿಕೊಳ್ಳಲು ಮನಸ್ಸಿರಲಿಲ್ಲ.

2022ರಲ್ಲಿ ಗಿಂಪ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಆಗ ಅದರ ಆವೃತ್ತಿ 2.10. 2025ರಲ್ಲಿ 3.0 ಬಂದ ಮೇಲೆ ಅದಕ್ಕೆ ಬದಲಾಯಿಸಿದೆ. ಪೂರ್ತಿ ಉಚಿತ. ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಕೂಡ ಬೇಡ. ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್. ತೆರೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ತೆರೆದ ಮೇಲೆ ತೊಂದರೆ ಇಲ್ಲ.

ನಾನು ಇದನ್ನೇ ಹಿಡಿದುಕೊಳ್ಳಲು ಮೊದಲ ಕಾರಣ ಕನ್ನಡ ಅಕ್ಷರ. ಅದಕ್ಕೂ ಮುಂಚೆ ಫೋನಿನಲ್ಲಿ ಒಂದು ಆ್ಯಪ್ ಬಳಸುತ್ತಿದ್ದೆ. ಅದರಲ್ಲಿ ‘ಬಳ್ಳಾರಿ’ ಅಂತ ಬರೆದರೆ ಒತ್ತಕ್ಷರ ಕೆಳಗೆ ಕೂರುತ್ತಲೇ ಇರಲಿಲ್ಲ. ಎರಡು ‘ಳ’ ಅಕ್ಕಪಕ್ಕ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ನಮ್ಮೂರಿನ ಹೆಸರೇ ಒಡೆದು ಹೋದರೆ ಆ ಚಿತ್ರವನ್ನು ಯಾರಿಗೆ ಕಳಿಸೋದು? ಗಿಂಪ್‌ನಲ್ಲಿ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಫಾಂಟ್ ಸಾಕು. ದಪ್ಪಗೆ, ದುಂಡಗೆ ಬೇಕೆಂದರೆ ಬಲೂ ತಮ್ಮ ಅನ್ನುವ ಫಾಂಟ್ ಉಚಿತವಾಗಿ ಸಿಗುತ್ತದೆ. ಶೀರ್ಷಿಕೆಗೆ ಅದು ತುಂಬ ಚೆನ್ನಾಗಿ ಒಪ್ಪುತ್ತದೆ. ಒಂದು ಮಾತು ಮಾತ್ರ ನೆನಪಿರಲಿ. ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ, ಅಂದರೆ ಫೋನಿನಲ್ಲಿ ಕನ್ನಡ ಬರೆಯುವ ಅದೇ ಪದ್ಧತಿಯಲ್ಲೇ ಇರಬೇಕು. ಡಿಟಿಪಿ ಅಂಗಡಿಯಿಂದ ಹಳೆಯ ನುಡಿ ಫಾಂಟಿನಲ್ಲಿ ಬರೆಸಿ ತಂದದ್ದನ್ನು ಇಲ್ಲಿ ಪೇಸ್ಟ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ.

ಎರಡನೆಯ ಕಾರಣ ನಮ್ಮ ಅಜ್ಜ. ಮೇಲ್ಕೋಟೆ ಮುಗಿದಾಗ ಒಂದು ಸ್ಕ್ರೀನ್‌ಶಾಟನ್ನು ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು. “ಗೋಡೆ ಸರಿ ಐತೆ. ಆದ್ರೆ ಇದು ನಮ್ ಗುಡ್ಡದ ಕಲ್ಲಲ್ಲಪ್ಪ, ಸಿಮೆಂಟ್ ಇದ್ದಂಗೈತೆ” ಅಂದರು. ನಿಜವೇ. ಆಟದ ಕಲ್ಲು ತಣ್ಣನೆಯ ಬೂದಿ ಬಣ್ಣದ್ದು. ನಮ್ಮ ಗುಡ್ಡಕ್ಕೆ ಸಂಜೆ ಬಿಸಿಲು ಬಿದ್ದರೆ ಕಂದು, ಅದರೊಳಗೆ ಒಂಚೂರು ಕೆಂಪು.

ಆ ಒಂದು ಬಣ್ಣಕ್ಕೆ ನಾಲ್ಕು ರಾತ್ರಿ ಕೂತೆ. ಗಿಂಪ್‌ನಲ್ಲಿ ಕರ್ವ್ಸ್ ಅಂತ ಒಂದು ಸೌಲಭ್ಯ ಇದೆ. ಚೌಕದ ಮೂಲೆಯಿಂದ ಮೂಲೆಗೆ ಒಂದು ಗೆರೆ. ಎಡಗಡೆ ಕತ್ತಲು, ಬಲಗಡೆ ಬೆಳಕು. ಕೆಂಪು ಚಾನೆಲ್‌ನ ಗೆರೆಯನ್ನು ನಡುವೆ ಹಿಡಿದು ಸ್ವಲ್ಪ ಮೇಲೆ ಎಳೆದೆ. ನೀಲಿಯದನ್ನು ಅಷ್ಟೇ ಕೆಳಗೆ ಇಳಿಸಿದೆ. ಕಲ್ಲಿಗೆ ಬಿಸಿಲು ಬಂತು, ಆದರೆ ಆಕಾಶವೂ ಹಳದಿಯಾಯಿತು. ಕೊನೆಗೆ ಲೇಯರನ್ನು, ಅಂದರೆ ಚಿತ್ರದ ಪದರವನ್ನು, ಇನ್ನೊಂದು ಕಾಪಿ ಮಾಡಿ, ಮೇಲಿನದಕ್ಕೆ ಮಾತ್ರ ಬಣ್ಣ ಹಾಕಿ, ಅದಕ್ಕೆ ಬೇಡದ ಕಡೆ ಮರೆಮಾಡುವ ಮಾಸ್ಕ್ ಕೊಟ್ಟು, ಆಕಾಶ ಇರುವ ಕಡೆ ಕಪ್ಪು ಬಳಿದೆ. ಕಪ್ಪು ಬಳಿದಲ್ಲಿ ಕೆಳಗಿನ ನೀಲಿ ಆಕಾಶ ಹಾಗೇ ಉಳಿಯಿತು. ಹಾಗೆ ಹೊಂದಿಸಿದ ಗೆರೆಯನ್ನು ಒಂದು ಹೆಸರು ಕೊಟ್ಟು ಇಟ್ಟುಕೊಳ್ಳಬಹುದು. ನಾನು ‘ಬಳ್ಳಾರಿ ಸಂಜೆ’ ಅಂತ ಇಟ್ಟಿದ್ದೇನೆ.

ಪ್ರಿಂಟ್ ವಿಷಯಕ್ಕೂ ಇಲ್ಲೇ ಬರುತ್ತೇನೆ. ನನ್ನ ಸ್ಕ್ರೀನ್ 1366×768. ಅಂದರೆ ಒಂದು ಸ್ಕ್ರೀನ್‌ಶಾಟಿನಲ್ಲಿ ಇರುವುದು ಸುಮಾರು ಹತ್ತೂವರೆ ಲಕ್ಷ ಪಿಕ್ಸೆಲ್ ಅಷ್ಟೇ. ಇಂಚಿಗೆ 300 ಪಿಕ್ಸೆಲ್‌ನಂತೆ ಹಾಕಿದರೆ ನಾಲ್ಕೂವರೆ ಇಂಚು ಅಗಲ. ಮೊದಲ ಸಲ ಅಂಗಡಿಯವರು ಅದನ್ನು ಹಾಗೇ ಹಿಗ್ಗಿಸಿ ಕೊಟ್ಟರು. ಇಟ್ಟಿಗೆಯ ಅಂಚೆಲ್ಲ ಮಸುಕಾಗಿತ್ತು. ಈಗ ನಾನೇ ಸ್ಕೇಲ್ ಇಮೇಜ್‌ಗೆ ಹೋಗಿ ಸರಿಯಾಗಿ ಎರಡು ಪಟ್ಟು ಮಾಡುತ್ತೇನೆ. ಹಿಗ್ಗಿಸುವಾಗ ಹೊಸ ಪಿಕ್ಸೆಲ್‌ಗೆ ಬಣ್ಣ ಹೇಗೆ ತುಂಬಬೇಕೆಂದು ಕೇಳುವ ಇಂಟರ್‌ಪೊಲೇಶನ್ ಅನ್ನುವ ಕಡೆ ‘ನನ್’ (None) ಆರಿಸಬೇಕು. ಆಗ ಒಂದೊಂದು ಪಿಕ್ಸೆಲ್ ನಾಲ್ಕಾಗುತ್ತದೆ, ಚೌಕ ಚೌಕವಾಗಿಯೇ ಉಳಿಯುತ್ತದೆ. ಒಂಬತ್ತು ಇಂಚಿಗೂ ಅಂಚು ಚೂಪಾಗಿ ಬರುತ್ತದೆ. ಇದು ಮೈನ್‌ಕ್ರಾಫ್ಟ್‌ನಂಥ ಚೌಕಳಿ ಆಟಗಳಿಗೆ. ನಿಜವಾದ ಫೋಟೊದ ಹಾಗೆ ಕಾಣುವ ಆಟಗಳಿಗೆ ಅಲ್ಲಿ ‘ಕ್ಯೂಬಿಕ್’ ಇಟ್ಟುಕೊಂಡರೇ ಒಳ್ಳೆಯದು.

ಶುರುವಿನಲ್ಲಿ ಎಡವುವ ಜಾಗವೂ ಒಂದಿದೆ. ಗಿಂಪ್‌ನಲ್ಲಿ ಸೇವ್ ಕೊಟ್ಟರೆ ಪದರ, ಅಕ್ಷರ ಎಲ್ಲ ಬಿಡಿಬಿಡಿಯಾಗಿ ಉಳಿಯುವ ಅದರದೇ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ. ಫೋನಿನಲ್ಲಿ ಅದು ತೆರೆಯುವುದಿಲ್ಲ. ಫೋನಿನಲ್ಲೂ ತೆರೆಯುವ ಪಿಎನ್‌ಜಿ ಚಿತ್ರ ಬೇಕೆಂದರೆ ಎಕ್ಸ್‌ಪೋರ್ಟ್ ಕೊಡಬೇಕು. ಮೊದಲು ನನಗೆ ಇದು ಸುಮ್ನೆ ತೊಂದರೆ ಅನ್ನಿಸಿತ್ತು. ಆರು ತಿಂಗಳ ಹಿಂದಿನ ಚಿತ್ರದಲ್ಲಿ ಒಂದು ಅಕ್ಷರ ತಪ್ಪಾಗಿದ್ದು ಕಂಡಾಗ, ಎಕ್ಸ್‌ಸಿಎಫ್ ತೆರೆದು ಆ ಅಕ್ಷರ ಒಂದನ್ನೇ ತಿದ್ದಿದೆ. ಈಗ ಎರಡನ್ನೂ ಇಟ್ಟುಕೊಳ್ಳುತ್ತೇನೆ.

ಇದರಲ್ಲಿ ಇಲ್ಲದ್ದನ್ನೂ ಹೇಳಬೇಕು. ಬಾಣದ ಗುರುತು ಹಾಕಲು, ದುಂಡಗೆ ಸುತ್ತು ಹಾಕಲು ನೇರವಾದ ಉಪಕರಣ ನಾನು ಬಳಸುವ 3.0ರಲ್ಲಿ ಇಲ್ಲ. ಜಾಗ ಸೆಲೆಕ್ಟ್ ಮಾಡಿ ಅದರ ಅಂಚಿಗೆ ಬಣ್ಣ ಹಾಕಬೇಕು. “ಈ ಬಾಗಿಲು ನೋಡು” ಅಂತ ತೋರಿಸಲು ಅಷ್ಟೆಲ್ಲ ಮಾಡುವುದು ಜಾಸ್ತಿಯೇ ಆಯಿತು. ಅಕ್ಷರದ ಸುತ್ತ ಅಂಚು ಕಟ್ಟುವುದೂ 2.10ರಲ್ಲಿ ಸುತ್ತುಬಳಸಿನ ಕೆಲಸವಾಗಿತ್ತು. 3.0ರಲ್ಲಿ ಅದು ಸುಲಭವಾಗಿದೆ. ಫಿಲ್ಟರ್ ಹಾಕಿದ ಮೇಲೂ ಮತ್ತೆ ಹೋಗಿ ಅದನ್ನು ಬದಲಾಯಿಸಬಹುದು. ಹಳೆಯದನ್ನೇ ಇಟ್ಟುಕೊಂಡವರು ಈ ಎರಡಕ್ಕಾದರೂ ಹೊಸದಕ್ಕೆ ಬರಬೇಕು.

ಬೇರೆಯವನ್ನೂ ನೋಡಿದ್ದೇನೆ. ಬರೀ ಕತ್ತರಿಸಿ, ಬೆಳಕು ಹೆಚ್ಚಿಸಿ ಕಳಿಸುವವರಿಗೆ ಪೇಂಟ್ ಡಾಟ್ ನೆಟ್ ಸಾಕು. ಹಗುರ, ಬೇಗ ತೆರೆಯುತ್ತದೆ. ವಿಂಡೋಸ್‌ಗೆ ಮಾತ್ರ. ಅದರ ಸ್ವಂತ ಜಾಲತಾಣದಲ್ಲಿ ಉಚಿತ, ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ದುಡ್ಡು. ಅದರಲ್ಲಿ ಅಕ್ಷರ ಬರೆದು ಮುಗಿಸಿದ ಮೇಲೆ ಅದು ಚಿತ್ರವಾಗಿಬಿಡುತ್ತದೆ, ಮತ್ತೆ ತಿದ್ದಲು ಬರುವುದಿಲ್ಲ. ನನಗೆ ಆಗದಿದ್ದದ್ದು ಅದೇ. ಫೋಟೊಪೀ ಬ್ರೌಸರಿನಲ್ಲೇ ನಡೆಯುತ್ತದೆ, ಫೋಟೊಶಾಪ್ ಫೈಲನ್ನೂ ತೆರೆಯುತ್ತದೆ. ಪಕ್ಕದಲ್ಲಿ ಜಾಹೀರಾತು ಇರುತ್ತದೆ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವಂತಿದ್ದ ಅಫಿನಿಟಿಯನ್ನು ಕ್ಯಾನ್ವಾ ಕಂಪನಿ 2024ರಲ್ಲಿ ಕೊಂಡಿತು. 2025ರ ಅಕ್ಟೋಬರ್‌ನಿಂದ ಅದೂ ಉಚಿತ, ಖಾತೆ ಮಾತ್ರ ತೆರೆಯಬೇಕು. ಹೊಸ ಕಂಪ್ಯೂಟರ್ ಇರುವವರು ಒಮ್ಮೆ ಹಾಕಿ ನೋಡಿ.

ಯಾವುದನ್ನೇ ಆರಿಸಿದರೂ ಮೂಲ ಚಿತ್ರ ಚೆನ್ನಾಗಿರಬೇಕು, ಅಲ್ವಾ? ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಮೊದಲು ಎಫ್1 ಒತ್ತಿದರೆ ಕೆಳಗಿನ ಪಟ್ಟಿ, ನಡುವಿನ ಗುರುತು ಎಲ್ಲ ಮಾಯ. ಆಮೇಲೆ ಎಫ್2 ಒತ್ತಿದರೆ ಸ್ಕ್ರೀನ್‌ಶಾಟ್. ಅದು ಗುಣ ಕೆಡದ ಪಿಎನ್‌ಜಿಯಾಗಿಯೇ ಉಳಿಯುತ್ತದೆ. ಆಟಗಳನ್ನು ಕೊಂಡು ಆಡುವ ಸ್ಟೀಮ್‌ನಲ್ಲಿ ಎಫ್12 ಒತ್ತಿದರೆ ಕುಗ್ಗಿಸಿದ ಜೆಪೆಗ್ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕುಗ್ಗಿಸದ ಪ್ರತಿಯನ್ನೂ ಉಳಿಸುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಚಾಟ್‌ನಲ್ಲಿ ಬೇರೆ ಹುಡುಗರ ಹೆಸರು ಕಾಣುತ್ತಿದ್ದರೆ ಮಸುಕು ಮಾಡಬೇಡಿ, ಅದರ ಮೇಲೆ ಗಟ್ಟಿ ಬಣ್ಣ ತುಂಬಿ. ಮಸುಕಿನ ಹಿಂದೆ ಏನಿದೆ ಅಂತ ಊಹಿಸಲು ಆಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಅಕ್ಷರದ ಅಂಚು ಕದಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಹೋದ ಭಾನುವಾರ ತಮ್ಮ ಕೆಳಕೋಟೆಯ ಬಾಗಿಲು ಮುಗಿಸಿದ. ಎಫ್1, ಎಫ್2 ಒತ್ತಿ, ಗಿಂಪ್ ತೆರೆದು, ‘ಬಳ್ಳಾರಿ ಸಂಜೆ’ ಹಾಕಿ, ಎರಡು ಪಟ್ಟು ಮಾಡಿ ಪ್ರಿಂಟಿಗೆ ಕೊಟ್ಟೆವು. ಅಜ್ಜ ಮತ್ತೆ ಬೆಳಕಿಗೆ ಹಿಡಿದು ನೋಡಿದರು. ಈ ಸಲ ಕಲ್ಲಿನ ಮಾತೇ ಎತ್ತಲಿಲ್ಲ. “ಬಾಗಿಲು ಇನ್ನೊಂಚೂರು ಎತ್ತರ ಇರಬೇಕಿತ್ತಲ್ಲಪ್ಪ” ಅಂದರು.