ಪಿಎಲ್‌ಎಫ್‌ಎಸ್ ವರದಿ: ಶೇ 3.2ರಲ್ಲಿ ಕಾಣದ ನಿರುದ್ಯೋಗ

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2017ರಿಂದ ನಡೆಸುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ಯಾರು ಬೇಕಾದರೂ ಉಚಿತವಾಗಿ ಪಡೆದು ಓದಬಹುದಾದ ಸಾರ್ವಜನಿಕ ಸೇವೆ. ಧಾರವಾಡದಲ್ಲಿ ಉದ್ಯೋಗಾಕಾಂಕ್ಷಿಗಳ ನಡುವೆಯೇ ಇರುವ ನಾನು ಅದರ 2023–24ರ ವಾರ್ಷಿಕ ವರದಿಯನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದೆ. 15 ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗ ಪ್ರಮಾಣ ಶೇ 3.2 ಎಂಬ ಅದರ ಮುಖ್ಯ ಅಂಕಿ, ಕೆಲಸವಿಲ್ಲದವರನ್ನು ನಿಜಕ್ಕೂ ಎಣಿಸುತ್ತದೆಯೇ?

ಸಮೀಕ್ಷೆಯ ಗಾತ್ರದ ಬಗ್ಗೆ ನನ್ನ ತಕರಾರಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಂದ ಮಾಹಿತಿ ಸಂಗ್ರಹಿಸಿದ್ದಾರೆ. ತೊಡಕಿರುವುದು ವ್ಯಾಖ್ಯೆಯಲ್ಲಿ. ವರ್ಷದ ಹೆಚ್ಚಿನ ಭಾಗ ಕೆಲಸ ಸಿಗದೆ ಕಳೆದಿದ್ದರೂ, ಹಿಂದಿನ 365 ದಿನಗಳಲ್ಲಿ 30 ದಿನಗಳಷ್ಟು ಯಾವುದಾದರೂ ಪೂರಕ ಕೆಲಸ ಮಾಡಿದ್ದರೆ, ಈ ಲೆಕ್ಕದಲ್ಲಿ ಆ ವ್ಯಕ್ತಿ ಉದ್ಯೋಗಿಯೇ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಆವಕ ಹೆಚ್ಚಿರುವ ತಿಂಗಳುಗಳಲ್ಲಿ ತೊಟ್ಟು ಬಿಡಿಸಲು ಹೋಗುವ ಮಹಿಳೆ, ಆವಕ ನಿಂತ ಮೇಲೆ ಎಷ್ಟೇ ಹುಡುಕಿದರೂ ಕೂಲಿ ಸಿಗದೆ ಮನೆಯಲ್ಲಿ ಕುಳಿತಿದ್ದರೆ, ಶೇ 3.2ರೊಳಗೆ ಆಕೆಗೆ ಜಾಗವಿಲ್ಲ. ಒಂದು ವಾರವನ್ನು ಮಾತ್ರ ನೋಡುವ ಇನ್ನೊಂದು ಅಳತೆಯಲ್ಲಿ ಪ್ರಮಾಣವು ಶೇ 4.9ಕ್ಕೆ ಏರುತ್ತದೆ. ಆದರೆ ಅಲ್ಲಿಯೂ ವಾರದ ಯಾವುದೇ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಸಾಕು, ಉದ್ಯೋಗಿ ಎಂದೇ ದಾಖಲಾಗುತ್ತದೆ.

ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ನೆರವಾಗುವವರನ್ನೂ ಸಮೀಕ್ಷೆ ಉದ್ಯೋಗಿಗಳೆಂದೇ ಎಣಿಸುತ್ತದೆ; ಅವರ ವಿಷಯವನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. ಗದಗ-ಬೆಟಗೇರಿಯ ನೇಕಾರರ ಮನೆಯಲ್ಲಿ ಗಂಡ ಮಗ್ಗದ ಮೇಲೆ ಕುಳಿತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಸೀರೆಗೆ ಸಿಗುವ ಮಜೂರಿ ಒಂದೇ, ಆಕೆಯ ಕೈಗೆಂದು ಬೇರೆ ಹಣ ಬರುವುದಿಲ್ಲ. ಆಕೆ ದುಡಿಯುತ್ತಿಲ್ಲ ಎಂದು ಯಾರೂ ಹೇಳಲಾರರು, ಹಾಗೆ ಹೇಳುವುದು ಅನ್ಯಾಯವೂ ಹೌದು. ಆದರೆ ಬೇರೆ ಕೆಲಸ ಸಿಕ್ಕಿದ್ದರೆ ಆಕೆ ಹೋಗುತ್ತಿದ್ದಳೇ ಎಂಬುದನ್ನು ಈ ಪ್ರಮಾಣ ಹೇಳುವುದಿಲ್ಲ. 2017–18ರಲ್ಲಿ ಒಟ್ಟು ಉದ್ಯೋಗಿಗಳ ಪೈಕಿ ಇಂಥ ಸಹಾಯಕರು ಶೇ 13.6 ಇದ್ದರು, 2023–24ರ ಹೊತ್ತಿಗೆ ಶೇ 19.4 ಆದರು. ಇದೇ ಅವಧಿಯಲ್ಲಿ ನಿರುದ್ಯೋಗ ಶೇ 6ರಿಂದ ಶೇ 3.2ಕ್ಕೆ ಇಳಿಯಿತು. ಇಳಿಕೆಯನ್ನು ಸಾಧನೆಯೆಂದು ಸಾರುವವರು ಈ ಏರಿಕೆಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ನನ್ನನ್ನು ಹೆಚ್ಚು ಕಾಡುವುದು ಧಾರವಾಡದ ಸಪ್ತಾಪುರ. ತಿಂಗಳ ಬಾಡಿಗೆ ಕೊಟ್ಟು ವಾಚನಾಲಯದಲ್ಲಿ ಒಂದು ಕುರ್ಚಿ ಹಿಡಿದು, ಸರ್ಕಾರಿ ನೌಕರಿಯ ಪರೀಕ್ಷೆಗೆಂದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದುತ್ತ ಕೂರುವ ಪದವೀಧರರು ಇಲ್ಲಿ ಓಣಿಗೊಬ್ಬರಲ್ಲ, ಮನೆಗೊಬ್ಬರು ಸಿಗುತ್ತಾರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ನಡುವಿನ ಕಾಲದಲ್ಲಿ ‘ಏನ್ ಮಾಡಾಕತ್ತೀಪಾ?’ ಎಂದು ಕೇಳಿದವರಿಗೆಲ್ಲ ‘ಓದಾಕತ್ತೇನ್ರಿ’ ಎನ್ನುವುದೇ ಹುಡುಗರ ಉತ್ತರವಾಗಿತ್ತು. ಸಮೀಕ್ಷಕರು ಈ ಉತ್ತರವನ್ನು ಶಿಕ್ಷಣ ಎಂದು ಬರೆದುಕೊಂಡರೆ ಆ ಹುಡುಗ ಕಾರ್ಮಿಕ ಬಲದಿಂದಲೇ, ಅಂದರೆ ದುಡಿಯುವವರು ಮತ್ತು ಕೆಲಸ ಹುಡುಕುವವರ ಒಟ್ಟು ಲೆಕ್ಕದಿಂದಲೇ, ಹೊರಗುಳಿಯುತ್ತಾನೆ; ಕೆಲಸ ಹುಡುಕುತ್ತಿದ್ದಾನೆ ಎಂದು ಬರೆದರೆ ಮಾತ್ರ ನಿರುದ್ಯೋಗಿ. ಅನೇಕ ಸಲ ಮನೆಯವರಲ್ಲೊಬ್ಬರು ಎಲ್ಲರ ಪರವಾಗಿ ಉತ್ತರ ಕೊಡುವುದರಿಂದ ಈ ಗೆರೆ ಇನ್ನೂ ಮಸುಕಾಗುತ್ತದೆ.

ಹಾಗೆಂದು ವರದಿ ಏನನ್ನೂ ಮುಚ್ಚಿಡುವುದಿಲ್ಲ. ವ್ಯಾಖ್ಯೆಗಳೆಲ್ಲ ಸವಿವರವಾಗಿ ಅಚ್ಚಾಗಿವೆ, ಒಂದು ಗಂಟೆಯ ಮಾನದಂಡ ಅಂತರರಾಷ್ಟ್ರೀಯವಾಗಿ ಒಪ್ಪಿತವಾದದ್ದು, ಮತ್ತು 15ರಿಂದ 29 ವಯಸ್ಸಿನವರಲ್ಲಿ ನಿರುದ್ಯೋಗ ಶೇ 10.2 ಎಂಬುದೂ ಅದೇ ಪುಟಗಳಲ್ಲಿದೆ. ನನ್ನ ಆಕ್ಷೇಪವಿರುವುದು, ಎಲ್ಲಕ್ಕಿಂತ ಕಡಿಮೆಯಾಗಿ ತೋರುವ ಅಂಕಿಯನ್ನೇ ಭಾಷಣ, ಜಾಹೀರಾತುಗಳಲ್ಲಿ ಪೂರ್ಣ ಸತ್ಯವೆಂಬಂತೆ ಬಳಸುವುದಕ್ಕೆ. ಈ ವರದಿಯನ್ನು ತೆರೆಯುವವರು ಉದ್ಯೋಗದ ಸ್ವರೂಪ ತಿಳಿಸುವ ಕೋಷ್ಟಕದಿಂದಲೇ ಓದಲು ಆರಂಭಿಸುವುದು ಒಳ್ಳೆಯದು: ಉದ್ಯೋಗಿಗಳ ಪೈಕಿ ನಿಯಮಿತ ಸಂಬಳದ ಕೆಲಸ ಇರುವವರು ಶೇ 21.7 ಮಾತ್ರ ಎಂಬುದು ಅಲ್ಲಿ ಕಾಣುತ್ತದೆ.

2025ರ ಜನವರಿಯಿಂದ ಸಮೀಕ್ಷೆಯ ವಿನ್ಯಾಸ ಬದಲಾಗಿದ್ದು, ಮಾಸಿಕ ಅಂದಾಜುಗಳು ಬರುತ್ತಿವೆ ಮತ್ತು ಮಾದರಿ ಆಯ್ಕೆಗೆ ಜಿಲ್ಲೆಯನ್ನೇ ಮೂಲ ಘಟಕವಾಗಿ ತೆಗೆದುಕೊಳ್ಳಲಾಗುತ್ತಿದೆ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮಾಸಿಕ ಅಂದಾಜುಗಳಿಗೂ ಆಧಾರ ಅದೇ ಒಂದು ವಾರದ, ಒಂದು ಗಂಟೆಯ ಅಳತೆ. ಎಷ್ಟು ಗಂಟೆ ಕೆಲಸ ಸಿಕ್ಕಿತು, ಇನ್ನೆಷ್ಟು ಗಂಟೆ ದುಡಿಯಲು ಸಿದ್ಧರಿದ್ದರು ಎಂಬುದನ್ನೂ ನಿರುದ್ಯೋಗ ಪ್ರಮಾಣದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಬೇಕೆಂಬುದು ಕಚೇರಿಗೆ ನನ್ನ ಒತ್ತಾಯ.