ಎಂಜಿನ್ ಫ್ಲಶ್: ಯಾವ ಗಾಡಿಗೆ ಸೈ, ಯಾವುದಕ್ಕೆ ಬೇಡ

ಕಲಬುರಗಿ ಗ್ಯಾರೇಜುಗಳಲ್ಲಿ ಆಯಿಲ್ ಬದಲಿಸುವಾಗ ‘ಫ್ಲಶ್ ಹಾಕಬೇಕೇನ್ರಿ ಸರ?’ ಅಂತ ಕೇಳುತ್ತಾರೆ. ಫ್ಲಶ್ ಅಂದರೆ ಎಂಜಿನ್ ಒಳಗಿನ ಜಿಡ್ಡು ಕಿತ್ತು ತೊಳೆಯಲು ಆಯಿಲ್‌ಗೆ ಬೆರೆಸುವ ದ್ರವ. ಹೂಂ ಅನ್ನುವ ಮೊದಲು ಆಯಿಲ್ ಕ್ಯಾಪ್ ತೆಗೆಸಿ, ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ. ಲೋಹ ಜೇನುಬಣ್ಣಕ್ಕೆ ತಿರುಗಿದ್ದರೆ ಅದು ಬರೀ ವಾರ್ನಿಶ್, ಅಂದರೆ ಆಯಿಲ್ ಅಂಟಿಸಿದ ತೆಳು ಕಲೆ; ಫ್ಲಶ್‌ಗೆ ಕೊಟ್ಟ ದುಡ್ಡು ದಂಡ. ಬೆರಳಿಗೆ ತೆಳುವಾಗಿ ಕಪ್ಪು ಜಿಡ್ಡು ಹತ್ತಿದರೆ ಹಾಕಿಸಬಹುದು. ಉಗುರಿನಿಂದ ಕೆರೆದಾಗ ಡಾಂಬರಿನಂಥ ಹಕ್ಕಳೆ ಎದ್ದರೆ ಬೇಡವೇ ಬೇಡ: ಒಮ್ಮೆಲೇ ಕಿತ್ತ ಹಕ್ಕಳೆ ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ತಳದ ಜಾಲಿಗೆ ಅಡ್ಡ ಕೂತು, ಪಂಪಿಗೆ ಆಯಿಲ್ ಸಿಗದೆ ಬೇರಿಂಗು, ಟರ್ಬೊ ಹೋಗುತ್ತವೆ. ಅಂಥ ಗಾಡಿಗೆ ಚೇಂಬರ್ ಬಿಚ್ಚಿ ಜಾಲಿ ತೊಳೆಸಿ, ಮುಂದಿನ ಒಂದೆರಡು ಸಲ ಆಯಿಲ್, ಫಿಲ್ಟರ್ ಎರಡನ್ನೂ 2,000 ಕಿ.ಮೀ.ಗೇ ಬದಲಿಸುವುದು ಲೇಸು. ಕ್ಯಾಪಿನಡಿ ಬಿಳಿ ಕೆನೆ ಕಂಡು, ಕೂಲಂಟೂ ಇಳಿಯುತ್ತಿದ್ದರೆ ಮೊದಲು ಆಯಿಲ್, ಕೂಲಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಹಾಕುವ ಕ್ರಮದಲ್ಲೇ ಹೆಚ್ಚು ಎಡವಟ್ಟು. ಎಂಜಿನ್ ಬಿಸಿಯಾದ ಮೇಲೆ, ಹಳೆ ಆಯಿಲ್‌ಗೇ ಬಾಟಲಿ ಸುರಿದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 10–15 ನಿಮಿಷ, ಐಡಲ್‌ನಲ್ಲಿ ಬಿಡಬೇಕು. ರೇಸ್ ಕೊಡಬಾರದು, ಗಾಡಿ ಓಡಿಸಬಾರದು. ಏಕೆಂದರೆ ಫ್ಲಶ್ ಬೆರೆತ ಆಯಿಲ್ ಆಗ ತೆಳುವಾಗಿರುತ್ತದೆ, ಎಂಜಿನ್ನಿಗೆ ಸಾಕಷ್ಟು ರಕ್ಷಣೆ ಕೊಡದು. ಬಿಸಿ ಇರುವಾಗಲೇ ಇಳಿಸಿ, ಕೊನೆಯ ಹನಿ ನಿಲ್ಲುವವರೆಗೆ ಕಾಯಬೇಕು. ಹಳೆ ಫಿಲ್ಟರ್ ಉಳಿಸಿಕೊಂಡರೆ ಕಿತ್ತ ಕೊಳೆಯೆಲ್ಲ ಅದರಲ್ಲೇ ಉಳಿಯಿತು. ಫ್ಲಶ್ ಬದಲು ಡೀಸೆಲ್ ಸುರಿಯುವ ಮಿಸ್ತ್ರಿಗೆ ಗಾಡಿ ಕೊಡಬೇಡಿ.

ಜಿಡ್ಡಿಗೆ ನಮ್ಮವರು ಬಿಸಿಲನ್ನು ದೂರುತ್ತಾರೆ. ಮೇ ತಿಂಗಳ 42 ಡಿಗ್ರಿಗಿಂತ ಕೆಟ್ಟದ್ದು ಮನೆಯಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಶಾಲೆ ಅಂತ ಎರಡು–ಮೂರು ಕಿ.ಮೀ. ಓಡಾಟ. ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಗಾಡಿ ಬಂದ್. ಪಿಸ್ಟನ್ ರಿಂಗ್ ದಾಟಿ ಇಳಿದ ನೀರಾವಿ, ಅರೆಬೆಂದ ಪೆಟ್ರೋಲು ಆಯಿಲ್‌ನಲ್ಲೇ ಉಳಿದು ಜಿಡ್ಡುಗಟ್ಟುತ್ತವೆ. ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರಂತೂ ಆ ಆವಿಗೆ ಹೊರದಾರಿಯೇ ಇಲ್ಲ. ಅದನ್ನು ಸ್ವಚ್ಛ ಮಾಡದೆ ಅಥವಾ ಬದಲಿಸದೆ ಹಾಕಿದ ಫ್ಲಶ್ ವ್ಯರ್ಥ. ಗಾಡಿ ಹೆಚ್ಚು ಓಡಿಲ್ಲ ಅಂತ ಎರಡು ವರ್ಷ ಅದೇ ಆಯಿಲ್ ಬಿಡುವವರೂ ಇದ್ದಾರೆ. ಇಂಥ ಓಡಾಟದ ಕಾರಿಗೆ ಆರು ತಿಂಗಳಿಗೊಮ್ಮೆ ಬದಲಿಸಲೇಬೇಕು. ಶಹಾಬಾದ್, ವಾಡಿ ಕಡೆ ದಿನಾ ಓಡುವ ಗಾಡಿಗೆ ಕಲ್ಲು, ಸಿಮೆಂಟಿನ ದೂಳು ಬೇರೆ. ಏರ್ ಫಿಲ್ಟರ್ ಸಡಿಲಿದ್ದರೆ ದೂಳಿಗೆ ರಿಂಗ್ ಸವೆದು ಕೆಳಗಿಳಿಯುವ ಆವಿ ಇನ್ನೂ ಹೆಚ್ಚುತ್ತದೆ.

ಡೀಸೆಲ್ ಗಾಡಿಯಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ ಒಳಗೆ ಬಿಡುವ ಇಜಿಆರ್ ವಾಲ್ವಿನ ಕಾರ್ಬನ್ನಿಗೆ ಈ ಬಾಟಲಿ ಮುಟ್ಟುವುದೇ ಇಲ್ಲ. ಅದಕ್ಕೂ ಇದೇ ಮದ್ದು ಅಂತ ಬಿಲ್ ಹಾಕಿದರೆ ಒಪ್ಪಬೇಡಿ.