ಅಟ್ಟದ ಪೆಟ್ಟಿಗೆ ಗ್ರಾಮಫೋನ್ ಅಲ್ವಂತೆ! ರಥಬೀದಿ ಪಕ್ಕದ ಗಡಿಯಾರ ರಿಪೇರಿ ಅಂಗಡಿ

ಮಂಗಳೂರು ರಥಬೀದಿ ಪಕ್ಕದ ಗಲ್ಲಿಯ ಅಂಗಡಿ ಇದು. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕು, ಅಷ್ಟೇ ಜಾಗ. ಕಟಪಾಡಿಯ ಅಜ್ಜಿ ಮನೆ ಅಟ್ಟದಲ್ಲಿ ಸಿಕ್ಕಿದ ಮರದ ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದೆ. ಅದಕ್ಕೆ ಮೊದಲು ಇನ್ನೊಂದು ಕಡೆ ತೋರಿಸಿದ್ದೆ, ಅವರು ಸರಿಯಾಗಿ ನೋಡದೆ "ಗ್ರಾಮಫೋನ್, ಹಾರ್ನ್ ಹೋಗಿದೆ, ಐನೂರು ಕೊಡ್ತೇನೆ" ಅಂದುಬಿಟ್ಟರು.

ಇಲ್ಲಿನ ಯಜಮಾನರು ಮುಚ್ಚಳ ಎತ್ತುವ ಮೊದಲೇ ಕೇಳಿದ್ದು, "ಕೀ ಕೊಟ್ಟಿದ್ದೀರಾ ಮಾರಾಯ್ರೆ?" ಸ್ಪ್ರಿಂಗ್ ಬಿಗಿ ಇರುವಾಗ ಸ್ಕ್ರೂ ಬಿಚ್ಚಿದರೆ ಚಕ್ರಗಳೆಲ್ಲ ಒಮ್ಮೆಲೇ ಓಡಿ ಹಲ್ಲು ಮುರಿದುಹೋಗುತ್ತವಂತೆ. ಆಮೇಲೆ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, "ಸೂಜಿ ಎಲ್ಲಿ ಉಂಟು ಇದರಲ್ಲಿ?" ಅಂದರು. ಹೌದಲ್ವಾ! ಸೂಜಿ ಇಲ್ಲ, ಬದಲಿಗೆ ಉಕ್ಕಿನ ಬಾಚಣಿಗೆ ಇದೆ. ಇದು ಮ್ಯೂಸಿಕ್ ಬಾಕ್ಸ್ ಅಂತೆ, ಕೀ ಕೊಟ್ಟರೆ ತಾನೇ ಹಾಡುವ ಪೆಟ್ಟಿಗೆ. ಜೊತೆಗಿದ್ದ ತೂತು ತೂತಿನ ತಗಡನ್ನು ತಿರುವಿ ಅಡಿಗೆ ಬೆರಳು ಇಡಿಸಿದರು, ತುರಿಮಣೆ ಮುಟ್ಟಿದ ಹಾಗೆ ಚುಚ್ಚಿತು. ತಗಡು ತಿರುಗುವಾಗ ಆ ಕೊಕ್ಕೆಗಳು ನಕ್ಷತ್ರದಂಥ ಪುಟ್ಟ ಚಕ್ರಗಳನ್ನು ತಳ್ಳುತ್ತವೆ, ಚಕ್ರ ಬಾಚಣಿಗೆಯ ಹಲ್ಲನ್ನು ಮೀಟುತ್ತದೆ. ಉದ್ದ ಹಲ್ಲಿಗೆ ದಪ್ಪ ಸ್ವರ, ಗಿಡ್ಡ ಹಲ್ಲಿಗೆ ತೆಳು ಸ್ವರ. ತಗಡು ಬದಲಿಸಿದರೆ ಹಾಡು ಬದಲು.

ತುಕ್ಕು ಉಜ್ಜಿದಾಗ 'ಪಾಲಿಫೋನ್' ಅಂತ ಅಕ್ಷರ ಕಾಣಿಸಿತು. ಜರ್ಮನಿಯ ಲೈಪ್ಸಿಗ್‌ನ ಕಂಪನಿ, 1890ರ ದಶಕದಲ್ಲಿ ಇಂಥವು ಜೋರಾಗಿ ಮಾರಾಟವಾಗುತ್ತಿದ್ದವು. ಗ್ರಾಮಫೋನ್ ಬಂದ ಮೇಲೆ ಬೇಡಿಕೆ ಬಿತ್ತು. ನಮ್ಮ ಮಾವನ ಹತ್ತಿರ ಇರುವ ಹಳೇ ಹಿಂದಿ ಸಿನಿಮಾ ರೆಕಾರ್ಡ್‌ಗಳ ಮೇಲೆ ಪಾಲಿಡಾರ್ ಅಂತ ಕಂಪನಿ ಹೆಸರು ಇದೆಯಲ್ಲ, ಅದೂ ಇದೇ ಕಂಪನಿಯ ಕವಲು!

ಒಳಗೆಲ್ಲ ಅಂಟು ಅಂಟು. ಅಜ್ಜ ತೆಂಗಿನೆಣ್ಣೆ ಬಿಟ್ಟಿದ್ದರು. "ಇದೇನು ಮಂಡೆಯಾ, ಎಣ್ಣೆ ಹಾಕಲಿಕ್ಕೆ?" ಅಂದರು ಯಜಮಾನರು, ನಾನು ಸುಮ್ಮನಿದ್ದೆ.

ಕಿರಿಕಿರಿ ಇಲ್ಲ ಅಂತಲ್ಲ. ಎರಡು ವಾರ ಅಂದಿದ್ದು ಎರಡು ತಿಂಗಳಾಯಿತು. ಫೋನ್ ಎತ್ತುವುದಿಲ್ಲ, ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರೂವರೆಗೆ, ಪಾರ್ಕಿಂಗ್ ಅಂತೂ ಕೇಳಲೇಬೇಡಿ. ಬಿಲ್ಲೂ ಇಲ್ಲ, 1,800 ರೂಪಾಯಿ ಅಂತ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬರೆದುಕೊಟ್ಟರು. ಬಾಚಣಿಗೆಯ ಮುರಿದ ಎರಡು ಹಲ್ಲು ಸರಿ ಮಾಡುವುದು ಇಲ್ಲಿ ಆಗುವ ಕೆಲಸವಲ್ಲ ಅಂತ ಮೊದಲೇ ಹೇಳಿ, ಅದನ್ನು ಮುಟ್ಟಲೇ ಇಲ್ಲ. ಅದು ನನಗೆ ಹಿಡಿಸಿತು. ಇಂಥ ಹಳೇ ಸಾಮಾನಿದ್ದರೆ ಕಣ್ಣುಮುಚ್ಚಿ ಕೊಡಬಹುದು, ಅವಸರ ಮಾತ್ರ ಬೇಡ.

ಮನೆಗೆ ತಂದು ಹಾಕಿದಾಗ ನಡುವೆ ಎರಡು ಸ್ವರ ಹಾರಿದರೂ ಹಾಡು ಪೂರ್ತಿ ಬಂತು. ಅಜ್ಜಿ ಹತ್ತಿರ ಬಂದು, ಹಾಡು ಬಿಟ್ಟು ತಗಡನ್ನೇ ದಿಟ್ಟಿಸಿದರು. "ಇಂಥದ್ದೇ ಇನ್ನೊಂದನ್ನು ಇಲಿ ಬಿಲಕ್ಕೆ ಮೊಳೆ ಹೊಡೆದು ಮುಚ್ಚಿದ್ದೆನಲ್ಲ ಮಗಾ."